ಕನಿಷ್ಠ ಇನ್ಶೂರೆನ್ಸ್ ಸಾಕಾ ಅಂತ ಕೇಳಿದ್ದೀಯಲ್ಲ

ಸುಹಾಸ್,

ನಿನ್ನ ಮೆಸೇಜು ನಿನ್ನೆ ರಾತ್ರಿ ನೋಡಿದೆ. ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಬಂದು ಮೂರು ವಾರ ಆಯಿತು, ಹಳೇ ಕೊರೊಲ್ಲಾ ಒಂದು ನೋಡಿ ಇಟ್ಟಿದ್ದೀಯ. "ಅಕ್ಕಾ, ಕಾನೂನಿಗೆ ಎಷ್ಟು ಬೇಕೋ ಅಷ್ಟೇ ಇನ್ಶೂರೆನ್ಸ್ ಮಾಡಿಸಿದರೆ ಸಾಕಲ್ವಾ? ಶಿವಮೊಗ್ಗದಲ್ಲಿ ಅಪ್ಪ ಕಾರಿಗೆ ಬರೀ ಥರ್ಡ್ ಪಾರ್ಟಿ ಕಟ್ಟುತ್ತಿದ್ದರು" ಅಂತ ಕೇಳಿದ್ದೀಯ.

ಸಾಲದು ಕಣೋ. ಚಿಕ್ಕಪ್ಪ ಕಟ್ಟುತ್ತಿದ್ದದ್ದೇ ಬೇರೆ, ಇಲ್ಲಿಯದೇ ಬೇರೆ. ಊರಲ್ಲಿ ನಮ್ಮ ಗಾಡಿ ಬಡಿದು ಯಾರಿಗಾದರೂ ಪೆಟ್ಟಾದರೆ, ಪ್ರಾಣ ಹೋದರೆ, ಕೋರ್ಟು ಎಷ್ಟು ಪರಿಹಾರ ಹೇಳುತ್ತದೋ ಅಷ್ಟನ್ನೂ ಕಂಪನಿ ಕೊಡಬೇಕು. ಅದಕ್ಕೆ ಮಿತಿ ಅಂತ ಇಲ್ಲ. ಕಾರಿನ ಪಾಲಿಸಿಯಲ್ಲಿ ಆಸ್ತಿ ನಷ್ಟಕ್ಕೆ ಮಾತ್ರ 7.5 ಲಕ್ಷದ ಮಿತಿ. ಇಲ್ಲಿ ಹಾಗಲ್ಲ. ಪೆಟ್ಟಿಗೂ ಮಿತಿ, ಪ್ರಾಣಕ್ಕೂ ಮಿತಿ. ಮಿತಿ ದಾಟಿದ ಮೇಲಿನ ದುಡ್ಡು ಗುದ್ದಿದವರ ಜೇಬಿನಿಂದ ಹೋಗಬೇಕು.

ಕ್ಯಾಲಿಫೋರ್ನಿಯಾ ಕಾನೂನು ಕೇಳುವ ಕನಿಷ್ಠ ಪಾಲಿಸಿಯಲ್ಲಿ 30/60/15 ಅಂತ ಕಾಣುತ್ತದೆ. ಎಲ್ಲವೂ ಸಾವಿರ ಡಾಲರ್ ಲೆಕ್ಕ. ತಪ್ಪು ನಿನ್ನದಾದರೆ, ಪೆಟ್ಟಾದ ಒಬ್ಬರಿಗೆ ಹೆಚ್ಚೆಂದರೆ 30,000. ಎಷ್ಟೇ ಜನರಿಗೆ ಪೆಟ್ಟಾಗಿರಲಿ, ಒಂದು ಅಪಘಾತಕ್ಕೆ ಒಟ್ಟು 60,000. ಅವರ ಕಾರು, ಬೇಲಿ, ಲೈಟು ಕಂಬ ಎಲ್ಲ ಸೇರಿ 15,000. ನಿನ್ನ ಕಾರಿಗೆ ಒಂದು ಪೈಸೆಯೂ ಇಲ್ಲ, ನಿನ್ನ ಮೈಗೂ ಇಲ್ಲ. ಒಬ್ಬರ ಆಸ್ಪತ್ರೆ ಬಿಲ್ಲು 80,000 ಆಯಿತು ಅಂದುಕೋ. ಕಂಪನಿ 30,000 ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಉಳಿದ 50,000ಕ್ಕೆ ಅವರು ನಿನ್ನ ಮೇಲೆ ಕೇಸು ಹಾಕಬಹುದು. ಗೆದ್ದರೆ ಸಂಬಳದಿಂದಲೇ ಮುರಿದುಕೊಳ್ಳುವ ದಾರಿಯೂ ಕಾನೂನಿನಲ್ಲಿದೆ.

ಈ 30/60/15 ಕೂಡ ಹೊಸದು, 2025ರ ಜನವರಿ 1ರಿಂದ ಬಂದದ್ದು. ಅದಕ್ಕೆ ಮುಂಚೆ 1967ರಿಂದಲೂ 15/30/5 ಇತ್ತು. ಕಾರಿನ ಬೆಲೆ, ಆಸ್ಪತ್ರೆ ಖರ್ಚು ಎಲ್ಲಿಗೋ ಹೋಗಿದ್ದರೂ ಐವತ್ತೇಳು ವರ್ಷ ಅದೇ ಲೆಕ್ಕ ನಡೆದಿತ್ತು.

ಆ 5 ಅನ್ನುವುದು ನನಗೆ ಚೆನ್ನಾಗಿ ನೆನಪಿದೆ. 2013ರಲ್ಲಿ ನಾನೂ ನಿನ್ನ ಹಾಗೇ ಯೋಚಿಸಿ ಕಡಿಮೆಯದನ್ನೇ ತೆಗೆದುಕೊಂಡಿದ್ದೆ. ನವೆಂಬರಿನ ಸಂಜೆ, ಫ್ರೀಮಾಂಟ್‌ನಲ್ಲಿ 880 ಹೆದ್ದಾರಿಯ ಮೌರಿ ಎಕ್ಸಿಟ್ ಹತ್ತಿರ, ಮೊದಲ ಮಳೆ ಹನಿಯುತ್ತಿತ್ತು. ಮುಂದಿನ ಕಾರಿನ ಕೆಂಪು ದೀಪ ಕಂಡು ಬ್ರೇಕ್ ಒತ್ತಿದೆ, ಚಕ್ರ ಜಾರಿತು, ಹೋಗಿ ಗುದ್ದಿದೆ. ಆ ಕಾರಿನ ಡಿಕ್ಕಿಯ ಬಾಗಿಲು ಮುದುರಿಕೊಂಡು ಮೇಲಕ್ಕೆದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಪುಣ್ಯಕ್ಕೆ ಅದನ್ನು ಓಡಿಸುತ್ತಿದ್ದ ಹೆಂಗಸಿಗೆ ಏನೂ ಆಗಲಿಲ್ಲ. ಕಾರು ರಿಪೇರಿಗೆ 11,400 ಡಾಲರ್. ಕಂಪನಿ 5,000 ಕೊಟ್ಟಿತು. ಉಳಿದ 6,400 ನಾವು ಕಂತಿನಲ್ಲಿ ತೀರಿಸಿದೆವು. ಆ ವರ್ಷ ಊರಿಗೆ ಹೋಗುವ ಟಿಕೆಟ್ ದುಡ್ಡು ಅದಕ್ಕೇ ಹೋಯಿತು. ಅಮ್ಮನಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ ಅಂತ ಹೇಳಿದೆ. ಆಮೇಲೆ ಏಜೆಂಟ್ ಹತ್ತಿರ ಕೂತು ಲೆಕ್ಕ ಹಾಕಿಸಿದರೆ, 100/300/100ಕ್ಕೆ ತಿಂಗಳಿಗೆ ಹದಿನೆಂಟು ಡಾಲರ್ ಜಾಸ್ತಿ ಅಷ್ಟೇ! ನೀನು ಈಗ ಕೇಳಿದರೆ ರೇಟು ಬೇರೆ ಇರುತ್ತದೆ. ಆದರೂ ಕೇಳು, ಎರಡಕ್ಕೂ ಕೊಟೇಶನ್ ತೆಗೆಸು.

ಇನ್ನೊಂದು ಮುಖ್ಯ ವಿಷಯ. ನಿನಗೆ ಗುದ್ದಿದವನ ಹತ್ತಿರ ಇನ್ಶೂರೆನ್ಸೇ ಇಲ್ಲದಿದ್ದರೆ? ಅಂಥವರೂ ಇದ್ದಾರೆ. ಆಗ ನಿನ್ನ ಪೆಟ್ಟಿನ ಖರ್ಚನ್ನು ನಿನ್ನ ಕಂಪನಿಯೇ ಕೊಡುವುದಕ್ಕೆ ಅನ್‌ಇನ್ಶೂರ್ಡ್ ಮೋಟರಿಸ್ಟ್ ಕವರೇಜ್ ಅಂತ ಇದೆ. ಕಂಪನಿ ಅದನ್ನು ನಿನಗೆ ಕೊಡುತ್ತೇನೆ ಅನ್ನಲೇಬೇಕು, ಬೇಡ ಅನ್ನುವುದಾದರೆ ನೀನು ಸಹಿ ಹಾಕಬೇಕು. ಆನ್‌ಲೈನಿನಲ್ಲಿ ಸುಮ್ನೆ ಟಿಕ್ ಮಾಡುತ್ತಾ ಹೋದರೆ ಆ ಸಹಿಯೂ ಅದರಲ್ಲೇ ಸೇರಿ ಹೋಗಿರುತ್ತದೆ. ಓದಿ ಟಿಕ್ ಮಾಡು. ಅದನ್ನು ಬಿಡಬೇಡ.

ಗುದ್ದಿದಾಗ ನಿನ್ನ ಕಾರಿನ ರಿಪೇರಿಗೆ ಕೊಲಿಷನ್ ಅನ್ನುವ ಕವರೇಜ್ ಇದೆ; ಕಳ್ಳತನ, ಗಾಜು ಒಡೆಯುವುದು ಇವಕ್ಕೆ ಕಾಂಪ್ರಹೆನ್ಸಿವ್. ಸಾಲದಲ್ಲಿ ತೆಗೆದುಕೊಂಡರೆ ಬ್ಯಾಂಕಿನವರೇ ಕೇಳುತ್ತಾರೆ. ಪೂರ್ತಿ ದುಡ್ಡು ಕೊಟ್ಟು ಹಳೇ ಕಾರು ಕೊಳ್ಳುತ್ತಿದ್ದೀಯ, ಹಾಗಾಗಿ ಬಿಟ್ಟರೂ ನಡೆಯುತ್ತದೆ. ಉಳಿಸುವುದಿದ್ದರೆ ಇಲ್ಲಿ ಉಳಿಸು, ಇನ್ನೊಬ್ಬರ ನಷ್ಟಕ್ಕೆ ಕೊಡುವ ಲಯಬಿಲಿಟಿಯಲ್ಲಿ ಬೇಡ. ನಿನ್ನ ಕಾರು ಹೋದರೆ ಇನ್ನೊಂದು ಹಳೇ ಕಾರು ಬರುತ್ತದೆ. ಇನ್ನೊಬ್ಬರ ಕಾಲು ಮುರಿದರೆ ಅವರ ಖರ್ಚು ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ, ಅಲ್ವಾ?

ಇನ್ಶೂರೆನ್ಸ್ ಕಾರ್ಡು ಕಾರಿನಲ್ಲೋ ಫೋನಿನಲ್ಲೋ ಯಾವಾಗಲೂ ಇರಲಿ. ಯಾರಿಗಾದರೂ ಪೆಟ್ಟಾದರೆ, ಇಲ್ಲವೇ ಯಾರದೇ ನಷ್ಟ 1,000 ಡಾಲರ್ ದಾಟಿದರೆ, ತಪ್ಪು ಯಾರದ್ದೇ ಇರಲಿ, ಹತ್ತು ದಿನದೊಳಗೆ ಡಿಎಂವಿಗೆ, ಅಂದರೆ ನಮ್ಮ ಆರ್‌ಟಿಒ ಥರದ ಇಲ್ಲಿನ ಕಚೇರಿಗೆ, ಎಸ್‌ಆರ್-1 ಅನ್ನುವ ಅಪಘಾತದ ವರದಿ ಫಾರ್ಮ್ ಕೊಡಬೇಕು. ಪೊಲೀಸರು ಬರೆದುಕೊಂಡರು ಅಂತ ಸುಮ್ಮನಾಗಬೇಡ, ಅದು ಬೇರೆ ಇದು ಬೇರೆ. ರೂಮ್‌ಮೇಟ್ ದಿನಾ ನಿನ್ನ ಕಾರು ಓಡಿಸುವುದಾದರೆ ಅವನ ಹೆಸರನ್ನೂ ಪಾಲಿಸಿಗೆ ಸೇರಿಸು.

ಶನಿವಾರ ಊಟಕ್ಕೆ ಬಾ, ಕೊಟೇಶನ್‌ಗಳನ್ನು ಪ್ರಿಂಟ್ ಮಾಡಿಸಿಕೊಂಡು ಬಾ. ಭಾವನೂ ಮನೆಯಲ್ಲಿರುತ್ತಾರೆ, ಒಂದೊಂದೇ ಸಾಲು ಓದೋಣ. ಪಾಲಿಸಿ ಶುರುವಾಗುವವರೆಗೆ ಆ ಕಾರಿನ ಕೀ ಕೈಗೆ ತೆಗೆದುಕೊಳ್ಳಬೇಡ. ಕ್ಯಾಲ್‌ಟ್ರೇನ್ ಹತ್ತಿ ಸಾಂಟಾ ಕ್ಲಾರಾದಲ್ಲಿ ಇಳಿದುಕೋ, ನಾನು ಬಂದು ಕರೆದುಕೊಂಡು ಹೋಗುತ್ತೇನೆ.

ನಿನ್ನ ಅಕ್ಕ