ಬಾಣದ ಗುರುತಿನ ಹಳೆಯ ಸೈನಿಕ ಬೆನ್ನುಚೀಲ ಯಾರದೆಂದು ತಿಳಿಯುವುದು ಹೇಗೆ?

ಮುಚ್ಚಳದ ಒಳಗೆ ಬಾಣದ ಮೊಹರೂ (ಸರ್ಕಾರಿ ಸ್ವತ್ತೆಂಬ ಗುರುತು) ಮಸುಕಾದ ಒಂದು ಸಂಖ್ಯೆಯೂ ಇರುವ ಬ್ರಿಟಿಷ್ ಸೇನೆಯ ಚೀಲವನ್ನು ತೊಳೆದು, ಅದು ಯಾವ ಸೈನಿಕನದೆಂದು ಪತ್ತೆಹಚ್ಚಬೇಕೆಂದಿದ್ದೀರಿ. ಮೊದಲು ಆ ಬಕೆಟ್ಟನ್ನು ದೂರವಿಡಿ. ಇಂಥದೇ ಚೀಲ ನನ್ನ ಕೈಗೆ ಬಂದಾಗ ನಾನೂ ತೊಳೆದೇ ಕೆಟ್ಟೆ.

ಮೊಹರಿನಲ್ಲಿ ‘19’ ಎಂಬ ಎರಡು ಅಂಕಿಗಳು ಕಾಣುತ್ತಿದ್ದವು. ಮುಂದಿನ ಎರಡನ್ನು ಹಸಿರು ಕೊಳೆ ಮುಚ್ಚಿತ್ತು. ಕೊಳೆ ಹೋದರೆ ಇಸವಿ ಓದಬಹುದೆಂದು ಬಿಸಿನೀರು, ಸಾಬೂನು, ಬ್ರಷ್ ಹಿಡಿದು ಕುಳಿತೆ. ಅದು ಕೊಳೆಯೇ ಆಗಿರಲಿಲ್ಲ. ಸೈನಿಕರು ತಮ್ಮ ಸರಂಜಾಮಿನ ಬಣ್ಣ ಒಂದೇ ಸಮ ಕಾಣಲೆಂದು ನೀರಿನಲ್ಲಿ ಕಲಸಿ ಬಳಿಯುತ್ತಿದ್ದ ಬ್ಲಾಂಕೊ ಅದು, ಅಂದರೆ ಅದೂ ಒಂದು ಸಾಕ್ಷ್ಯ. ನೀರು ಮೊದಲು ಹಸಿರಾಯಿತು, ಆಮೇಲೆ ಕಪ್ಪಾಯಿತು. ಆ ಕಪ್ಪು ಮೊಹರಿನ ಶಾಯಿಯೆಂದು ನನಗೆ ಹೊಳೆಯುವಷ್ಟರಲ್ಲಿ ‘19’ ಕೂಡ ಅಳಿಸಿಹೋಗಿತ್ತು.

ಹೋದದ್ದು ನಾಲ್ಕು ಅಂಕಿ ಮಾತ್ರವೆಂದು ನಿಮಗೆ ಅನ್ನಿಸಬಹುದು. ಆದರೆ 1908ರ ಮಾದರಿಯ ದೊಡ್ಡ ಬೆನ್ನುಚೀಲವೇ 1937ರ ಮಾದರಿಯ ಸರಂಜಾಮಿನೊಂದಿಗೂ ಬಳಕೆಯಲ್ಲಿ ಮುಂದುವರಿದದ್ದರಿಂದ, ಮೊದಲ ಮಹಾಯುದ್ಧದ ಚೀಲವನ್ನು ಎರಡನೆಯದರ ಚೀಲದಿಂದ ಬೇರ್ಪಡಿಸಿ ಹೇಳಲು ಆ ಅಂಕಿಗಳಷ್ಟು ಖಚಿತವಾದದ್ದು ಬೇರೊಂದಿಲ್ಲ. ಚೀಲಕ್ಕೆ ಕಟ್ಟಿದ್ದ ಪಟ್ಟಿಯ ಮೇಲೆ 1941 ಎಂದಿತ್ತು. ಚೀಲವೂ ಅದೇ ವರ್ಷದ್ದೆಂದು ಸಮಾಧಾನಪಟ್ಟುಕೊಂಡೆ. ಪಟ್ಟಿಗಳು ಬಿಚ್ಚಿ ಬದಲಿಸಬಹುದಾದ ಬಿಡಿಭಾಗಗಳು, ಅವುಗಳಿಗೆ ತಮ್ಮದೇ ಮೊಹರು ಇರುತ್ತದೆ ಎಂಬುದು ತಡವಾಗಿ ತಿಳಿಯಿತು. ನನ್ನ ಚೀಲದ ಇಸವಿ ಇಂದಿಗೂ ನನಗೆ ಗೊತ್ತಿಲ್ಲ.

ಆದ್ದರಿಂದ ಒಣಗಿದ ಮೆತ್ತನೆಯ ಬ್ರಷ್ಷಿಗಿಂತ ಹೆಚ್ಚಿನದೇನನ್ನೂ ಬಳಸದೆ, ಕತ್ತಲ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ಪ್ರತಿಯೊಂದು ಭಾಗದ ಮೊಹರನ್ನೂ ಬೇರೆಬೇರೆಯಾಗಿ ಛಾಯಾಚಿತ್ರ ತೆಗೆಯಿರಿ. ಬಾಣವಿದ್ದ ಮಾತ್ರಕ್ಕೆ ಅದು ಇಂಗ್ಲೆಂಡಿನಲ್ಲಿ ತಯಾರಾದದ್ದೆಂದು ತೀರ್ಮಾನಿಸಬೇಡಿ: ಬಾಣ ‘ಸಿ’ ಅಕ್ಷರದ ಹೊಟ್ಟೆಯೊಳಗಿದ್ದರೆ ಕೆನಡಾ, ಎರಡು ‘ಡಿ’ಗಳ ನಡುವೆ ಇದ್ದರೆ ಆಸ್ಟ್ರೇಲಿಯಾ, ಜೊತೆಯಲ್ಲಿ ‘ಐ’ ಇದ್ದರೆ ಭಾರತ.

ಇನ್ನು ‘ಯಾವ ಸೈನಿಕನದು’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಚೀಲ ಸೇನೆಯ ಸ್ವತ್ತು. ಒಬ್ಬನಿಂದ ಹಿಂಪಡೆದು ಇನ್ನೊಬ್ಬನಿಗೆ ಕೊಡುತ್ತಿದ್ದರು. ಅದರಲ್ಲೂ 1920ಕ್ಕೆ ಮೊದಲು ರೆಜಿಮೆಂಟುಗಳು ಸೈನಿಕರಿಗೆ ತಮ್ಮತಮ್ಮದೇ ಸಂಖ್ಯೆ ನೀಡುತ್ತಿದ್ದುದರಿಂದ ಒಂದೇ ಸಂಖ್ಯೆ ಹಲವು ಸೈನಿಕರಿಗೆ ಇರುತ್ತಿತ್ತು. ಮೊದಲ ಮಹಾಯುದ್ಧದ ಸಾಮಾನ್ಯ ಸೈನಿಕರ ಸೇವಾ ದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು 1940ರಲ್ಲಿ ಲಂಡನ್ನಿನ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ಯಾವಾಗ, ಎಲ್ಲಿ ತಯಾರಾಯಿತು, ಯಾವ ಭಾಗ ಆಮೇಲೆ ಸೇರಿತು ಎಂಬುದು ಇತ್ಯರ್ಥವಾಗುವ ತನಕ ಹೆಸರನ್ನು ಹುಡುಕಲೇಬೇಡಿ. ಸಂಖ್ಯೆಯ ಜೊತೆಗೆ ರೆಜಿಮೆಂಟಿನ ಗುರುತೂ ಸಿಕ್ಕರೆ ಮಾತ್ರ ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಪದಕ ಸೂಚಿ ಕಾರ್ಡುಗಳನ್ನು (ಮೊದಲ ಮಹಾಯುದ್ಧದ ಪದಕಗಳಿಗೆ ಅರ್ಹರಾದ ಸೈನಿಕರ ಹೆಸರು, ಸಂಖ್ಯೆ, ರೆಜಿಮೆಂಟುಗಳ ಕಾರ್ಡುಗಳು) ನೋಡುವುದರಲ್ಲಿ ಅರ್ಥವಿದೆ.