ಹೊಳೆಯುವ ಬಂದೂಕು, ಸಿಡಿಯದ ತೋಟಾ

ಲೈಸೆನ್ಸ್ ಪಡೆದು ಬಂದೂಕು ಕೊಂಡು, ಆಮೇಲೆ ಪೇಚಾಡುತ್ತಿರುವ ಓದುಗರ ಪ್ರಶ್ನೆಗಳಿಗೆ ಧಾರವಾಡದ ನಿವೃತ್ತ ಬಂದೂಕು ರಿಪೇರಿಗಾರರೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಸರ್, ನಮ್ಮದು ಹಾನಗಲ್ ತಾಲ್ಲೂಕು. ಗೋವಿನಜೋಳಕ್ಕೆ ಹಂದಿ ಕಾಟ ಜಾಸ್ತಿ. ಬೆಳೆ ಕಾಯಲು ಅಂತ ಲೈಸೆನ್ಸ್ ಮಾಡಿಸಿ, ಹೋದ ವರ್ಷ ಹಳೆಯ 12 ಬೋರಿನ ಜೋಡುನಳಿಗೆ ಬಂದೂಕು ಕೊಂಡೆ. ನೋಡಲು ಹೊಸದರ ಹಾಗೇ ಇತ್ತು. ಬಲ ನಳಿಗೆ ಸರಿ ಇದೆ. ಎಡ ನಳಿಗೆ ಐದು ಸಲಕ್ಕೆ ಎರಡು ಸಲ ಬರೀ ಟಕ್ ಅನ್ನುತ್ತದೆ, ಸಿಡಿಯುವುದಿಲ್ಲ. ಮಾರಿದವರು ತೋಟಾ ಹಳೆಯದು ಅನ್ನುತ್ತಾರೆ. ರಿಪೇರಿ ಮಾಡಿಸಲೋ, ಮಾರಿಬಿಡಲೋ?

ಉತ್ತರ: ರಿಪೇರಿ ಮಾತು ಆಮೇಲೆ. ಟಕ್ ಅಂದ ತಕ್ಷಣ ನೀವು ಬಂದೂಕು ಬಿಚ್ಚಿ ನೋಡುತ್ತಿದ್ದರೆ, ಇವತ್ತಿನಿಂದಲೇ ಅದನ್ನು ಬಿಡಿ. ಕೆಲವು ತೋಟಾ ತಡವಾಗಿ ಹೊತ್ತಿಕೊಳ್ಳುತ್ತವೆ. ನಳಿಗೆಯ ಬಾಯಿ ಜನ, ದನ, ಮನೆ ಇಲ್ಲದ ಕಡೆ ನೆಲದತ್ತ ಇರಲಿ. ಅರವತ್ತು ಎಣಿಸಿ. ಆಮೇಲೆ ಬಿಚ್ಚಿ. ಅವಸರ ಮಾಡಿ ಅಂಗೈ ಸುಟ್ಟುಕೊಂಡವರೊಬ್ಬರನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಇನ್ನು ತಪ್ಪು ತೋಟಾದ್ದೋ ಬಂದೂಕಿನದ್ದೋ? ಸಿಡಿಯದ ತೋಟಾವನ್ನೇ ಕೇಳಿ, ಅದೇ ಹೇಳುತ್ತದೆ. ಅದರ ಹಿಂಭಾಗದ ನಡುವೆ ಹಿತ್ತಾಳೆ ಬಣ್ಣದ ಕ್ಯಾಪ್ ಇದೆಯಲ್ಲ, ಅಲ್ಲಿ ಪಿನ್ನು ಬಡಿದ ಕುಳಿ ನೋಡಿ. ಬಲ ನಳಿಗೆಯಲ್ಲಿ ಸಿಡಿದ ತೋಟಾದ ಕುಳಿಯನ್ನು ಪಕ್ಕಕ್ಕೆ ಇಟ್ಟು ಹೋಲಿಸಿ. ಎರಡೂ ಒಂದೇ ಆಳ ಇದ್ದರೆ ತೋಟಾ ತಂಪು ಹಿಡಿದಿದೆ. ಎಡದ್ದು ಸುಮ್ನೆ ಉಗುರು ಊರಿದಷ್ಟು ಮಾತ್ರ ಇದ್ದರೆ ಪಿನ್ನು ಸವೆದಿದೆ, ಇಲ್ಲವೇ ಸ್ಪ್ರಿಂಗ್ ಸೋತಿದೆ. ಮೂರನೆಯದೂ ಒಂದಿದೆ, ಬಹಳ ಸಲ ಅದೇ ಇರುತ್ತದೆ: ಯಾರೋ ಹತ್ತಾರು ವರ್ಷ ಎಣ್ಣೆ ಮೇಲೆ ಎಣ್ಣೆ ಬಿಟ್ಟು, ಒಳಗೆ ಅದು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿರುತ್ತದೆ. ಪಿನ್ನು ಓಡುವುದೇ ಇಲ್ಲ. ಹಾಗಿದ್ದರೆ ಬಿಚ್ಚಿ ತೊಳೆದರೆ ಮುಗಿಯಿತು. ಪಿನ್ನು, ಸ್ಪ್ರಿಂಗ್ ಬದಲಿಸುವುದೂ ದೊಡ್ಡ ಕೆಲಸವಲ್ಲ. ಆದರೆ ಲೈಸೆನ್ಸ್ ಇರುವ ರಿಪೇರಿಗಾರರ ಹತ್ತಿರವೇ ಹೋಗಿ. ಊರ ವೆಲ್ಡಿಂಗ್ ಅಂಗಡಿಗೆ ಖಂಡಿತ ಒಯ್ಯಬೇಡಿ.

ನನಗೆ ಇದಕ್ಕಿಂತ ಹೆಚ್ಚು ಚಿಂತೆ ಆಗಿದ್ದು ‘ಹೊಸದರ ಹಾಗೇ ಇತ್ತು’ ಅನ್ನುವ ನಿಮ್ಮ ಮಾತಿನಿಂದ. ಹಳೆಯ ಬಂದೂಕಿಗೆ ಕಪ್ಪು ಬಣ್ಣ ಏರಿಸಿ, ಮರದ ಹಿಡಿಗೆ ಪಾಲಿಶ್ ಹೊಡೆದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಒಳಗೆ ನೋಡಬೇಕು. ತೋಟಾ ಇಲ್ಲ ಅಂತ ಎರಡು ಸಲ ಖಾತ್ರಿ ಮಾಡಿಕೊಳ್ಳಿ. ನಳಿಗೆ ಬಿಚ್ಚಿ ಬೇರೆ ಮಾಡಿ, ಕಿಟಕಿ ಬೆಳಕಿಗೆ ಹಿಡಿಯಿರಿ. ಒಳಗೆ ಬೆಳಕು ಉಂಗುರ ಉಂಗುರವಾಗಿ ಮುರಿದು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ ಅಥವಾ ತಗ್ಗಿದೆ. ಕಪ್ಪು ಚುಕ್ಕೆ ಕಂಡರೆ ತುಕ್ಕು ತಿಂದ ಕುಳಿ. ಆಮೇಲೆ ನಳಿಗೆ ಜೋಡಿಸಿ, ಮುಂದಿನ ಮರದ ತುಂಡು ಹಾಕದೆ, ಬಂದೂಕು ಮುಚ್ಚಿ ಅಲ್ಲಾಡಿಸಿ. ಕಟಕಟ ಅಂದರೆ ಕೀಲು ಸಡಿಲವಾಗಿದೆ. ಸಿಡಿಯುವಾಗ ಹಿಂಬದಿಯ ಒತ್ತಡ ತಡೆಯುವುದು ಆ ಬಿಗಿಯೇ. ಅದು ಹೋದ ಬಂದೂಕಿಗೆ ಹೊಸ ಪಿನ್ನು ಹಾಕಿದರೂ ಅದು ನಿಮ್ಮ ಮುಖದ ಹತ್ತಿರ ಇಟ್ಟುಕೊಳ್ಳುವ ವಸ್ತುವಲ್ಲ. ರಿಪೇರಿ ಬೇಡ.

ಮಾರುವುದು ನೀವು ಅಂದುಕೊಂಡಷ್ಟು ಸಲೀಸಲ್ಲ. ಕೊಳ್ಳುವವರಿಗೆ ಲೈಸೆನ್ಸ್ ಇರಬೇಕು. ಜಿಲ್ಲಾಧಿಕಾರಿಗೋ ಪೊಲೀಸ್ ಠಾಣೆಗೋ ಬರೆದು ಕೊಟ್ಟು 45 ದಿನ ಕಾಯಬೇಕು. 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಮೂರರ ಬದಲು ಎರಡೇ ಬಂದೂಕು. ಅಂದರೆ ಒಂದು ಕೆಟ್ಟ ಬಂದೂಕು ಕೊಂಡರೆ ನಿಮ್ಮ ಪಾಲಿನ ಅರ್ಧ ಜಾಗ ಅದೇ ಹಿಡಿದುಕೊಂಡಿತು. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಗಾಡಿಗೆ ಹೂಡಿ ನಡಿಗೆ ನೋಡುತ್ತೇವೆ. ಬಂದೂಕಿಗೆ ಮಾತ್ರ ಮೈಬಣ್ಣ ನೋಡಿ ದುಡ್ಡು ಕೊಡುತ್ತೇವೆ ಅಲ್ವಾ? ಮಾರುವುದೇ ಆದರೆ ಎಡ ನಳಿಗೆಯ ದೋಷ ಬಾಯಿಬಿಟ್ಟು ಹೇಳಿ ಮಾರಿ.

ಒಂದು ಮಾತು ಸೇರಿಸುತ್ತೇನೆ. ಬೆಳೆ ರಕ್ಷಣೆಯ ಲೈಸೆನ್ಸ್ ಅಂದರೆ ಪ್ರಾಣಿ ಹೊಡೆಯುವ ಪರವಾನಗಿ ಅಲ್ಲ. ಕಾಡುಹಂದಿಗೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ರಾಣೆಬೆನ್ನೂರು ಕಡೆಯ ಚಿಗರಿ, ಅಂದರೆ ಕೃಷ್ಣಮೃಗವಂತೂ ಅದರ ಮೊದಲ ಪಟ್ಟಿಯಲ್ಲೇ ಇದೆ. ಅರಣ್ಯ ಇಲಾಖೆಯನ್ನು ಕೇಳದೆ ಮುಂದುವರಿಯಬೇಡಿ.

ಪ್ರಶ್ನೆ: ಹುಬ್ಬಳ್ಳಿ ಅಮರಗೋಳದ ಎಪಿಎಂಸಿಯಲ್ಲಿ ನಮ್ಮ ದಲಾಲಿ ಅಂಗಡಿ. ರೊಕ್ಕ ಒಯ್ಯುವಾಗ ಇರಲಿ ಅಂತ ಲಕ್ಷಕ್ಕೂ ಮೇಲೆ ಕೊಟ್ಟು .32 ರಿವಾಲ್ವರ್ ಕೊಂಡೆ. ಟ್ರಿಗರ್ ಬಹಳ ಬಿಗಿ. ಹದಿನೈದು ಹೆಜ್ಜೆ ದೂರದ ಡಬ್ಬಿಗೂ ಗುಂಡು ತಾಗುವುದಿಲ್ಲ. ಇಲ್ಲಿಯವರೆಗೆ ಹನ್ನೊಂದು ಗುಂಡು ಹಾರಿಸಿದ್ದೇನೆ. ಮೋಸ ಹೋದೆನೇ?

ಉತ್ತರ: ಮೋಸ ಹೋಗಿಲ್ಲ. ಆ ವಸ್ತುವಿನಿಂದ ಆಗದ ಕೆಲಸ ಬಯಸಿದಿರಿ. ನಮ್ಮ ದೇಶದ .32 ರಿವಾಲ್ವರಿನಲ್ಲಿ ಹಾಕುವ ಗುಂಡು 1896ರಲ್ಲಿ ಹುಟ್ಟಿದ್ದು. ಗುಂಡಿನ ತೂಕ ಸುಮಾರು 6 ಗ್ರಾಂ, ವೇಗವೂ ಸಾಧಾರಣ. ಇದಕ್ಕೆ ಶಕ್ತಿ ಕಡಿಮೆ ಅಂತ ಜನ ದೂರುವುದು ನಿಜ. ಆದರೆ ಇದಕ್ಕಿಂತ ಜೋರಾದ 9 ಎಂಎಂ ಪಿಸ್ತೂಲು ನಮ್ಮಂಥ ಸಾಮಾನ್ಯರಿಗೆ ಕೊಡುವುದಿಲ್ಲ. ಇರುವುದರಲ್ಲೇ ಆರಿಸಿಕೊಳ್ಳಬೇಕು.

ಬಿಗಿ ಟ್ರಿಗರ್ ಬಗ್ಗೆ ಬೇಸರ ಬೇಡ. ಅದೇ ಟ್ರಿಗರ್ ಗುಂಡು ತುಂಬಿದ ಕೊಠಡಿಯನ್ನು ತಿರುಗಿಸಬೇಕು, ಹ್ಯಾಮರ್ ಎತ್ತಬೇಕು, ಬಿಡಬೇಕು. ಜೇಬಿನಲ್ಲಿ ತಾನಾಗಿ ಸಿಡಿಯದಂತೆ ಕಾಯುವುದೂ ಆ ಬಿಗಿಯೇ. ಅದನ್ನು ತೇಯ್ದು ಹಗುರ ಮಾಡಿಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ಅವರ ಬಾಗಿಲಿಗೆ ಹೋಗಬೇಡಿ. ಹ್ಯಾಮರನ್ನು ಹೆಬ್ಬೆರಳಿನಿಂದ ಎತ್ತಿಟ್ಟು ಹೊಡೆದರೆ ಟ್ರಿಗರ್ ಹಗುರವಾಗುತ್ತದೆ. ರೇಂಜಿನಲ್ಲಿ ಮೊದಲು ಹಾಗೆ ಕಲಿಯಿರಿ. ಎರಡೂ ಕೈ ಹಿಡಿತ, ಏಳು ಹೆಜ್ಜೆ ದೂರ. ಗಿಡ್ಡ ನಳಿಗೆಯ ರಿವಾಲ್ವರ್ ಇರುವುದೇ ಅಷ್ಟು ದೂರಕ್ಕೆ.

ಹನ್ನೊಂದು ಗುಂಡು ಅಂದಿರಿ. ಸೈಕಲ್ ಮೇಲೆ ಹನ್ನೊಂದು ಸಲ ಹತ್ತಿ ಇಳಿದು, ಸೈಕಲ್ಲೇ ಸರಿ ಇಲ್ಲ ಅಂದ ಹಾಗೆ ಆಯಿತು. ಇನ್ನೂ ನೂರು ಗುಂಡು ಆಗಲಿ, ಆಗಲೂ ತಾಗದಿದ್ದರೆ ನನಗೆ ಬರೆಯಿರಿ. .32 ಪಿಸ್ತೂಲಿನ ಗುಂಡು ಮಾತ್ರ ಇದಕ್ಕೆ ಕೊಳ್ಳಬೇಡಿ. ಹೆಸರು ಒಂದೇ ಆದರೂ ಅದು ಬೇರೆ ಗುಂಡು.

ಪ್ರಶ್ನೆ: ನಾನು ಧಾರವಾಡದಲ್ಲಿ ಓದುತ್ತಿದ್ದೇನೆ, ಶೂಟಿಂಗ್ ಕಲಿಯುತ್ತಿದ್ದೇನೆ. ವಿದೇಶಿ ಬಂದೂಕು ಕೈಕೊಡುವುದಿಲ್ಲ, ನಮ್ಮವೇ ಕೈಕೊಡುತ್ತವೆ ಅಂತಾರೆ. ನಿಜವೇ?

ಉತ್ತರ: ನಿಜವಲ್ಲ ತಮ್ಮಾ. ನಮ್ಮ ಇನ್ಸಾಸ್ ರೈಫಲ್ಲಿನ ಪ್ಲಾಸ್ಟಿಕ್ ಮ್ಯಾಗಝಿನ್ ಕಾರ್ಗಿಲ್ ಚಳಿಯಲ್ಲಿ ಬಿರುಕು ಬಿಟ್ಟಿತು, ಒಪ್ಪುತ್ತೇನೆ. ಆದರೆ ಅಮೆರಿಕದ ಎಂ-16 ವಿಯೆಟ್ನಾಂ ಯುದ್ಧದಲ್ಲಿ ಇದಕ್ಕಿಂತ ಕೆಟ್ಟದಾಗಿ ಕೈಕೊಟ್ಟಿತ್ತು. ಕಾರಣ ಇಷ್ಟು: ಗುಂಡಿನ ಮದ್ದು ಬದಲಿಸಿದ್ದರು. ಗುಂಡು ಕೂರುವ ಜಾಗಕ್ಕೆ ಕ್ರೋಮ್ ಲೇಪ ಹಾಕಿರಲಿಲ್ಲ. ಈ ರೈಫಲ್ಲಿಗೆ ಶುಚಿ ಬೇಕಿಲ್ಲ ಎಂಬ ಮಾತು ಹಬ್ಬಿ, ಸೈನಿಕರಿಗೆ ಒರೆಸುವ ಸಾಮಾನೂ ಸರಿಯಾಗಿ ಕೊಟ್ಟಿರಲಿಲ್ಲ. ಗುಂಡು ಸಿಕ್ಕಿಕೊಂಡ ರೈಫಲ್ ಪಕ್ಕದಲ್ಲಿ ಹುಡುಗರು ಸತ್ತರು. 1967ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯೇ ಇದರ ತನಿಖೆ ನಡೆಸಿತು. ಕ್ರೋಮ್ ಹಾಕಿ, ಶುಚಿ ಮಾಡುವುದನ್ನು ಕಲಿಸಿದ ಮೇಲೆ ಅದೇ ರೈಫಲ್ ದಶಕಗಟ್ಟಲೆ ನಡೆಯಿತು.

ಕೋಲ್ಟ್ ಅಂದರೆ ಎಷ್ಟು ದೊಡ್ಡ ಹೆಸರು. ಅವರು 1991ರಲ್ಲಿ ತಂದ ‘ಆಲ್ ಅಮೆರಿಕನ್ 2000’ ಪಿಸ್ತೂಲಿನ ಟ್ರಿಗರ್ ಭಾರ, ಗುರಿ ಸಾಲದು ಅಂತ ಕೊಂಡವರು ಬೇಸರಪಟ್ಟರು. 1994ಕ್ಕೆ ಅದು ನಿಂತೇ ಹೋಯಿತು. ನೀನು ಮುಂದೆ ಕೊಳ್ಳುವಾಗ ದೇಶ ನೋಡಬೇಡ. ಮಾರುಕಟ್ಟೆಗೆ ಬಂದು ಐದಾರು ವರ್ಷ ಆಗಿದೆಯಾ, ಬಿಡಿಭಾಗ ಇಲ್ಲಿ ಸಿಗುತ್ತದೆಯಾ, ಅದನ್ನು ಬಿಚ್ಚಿ ಜೋಡಿಸಬಲ್ಲವರು ಹತ್ತಿರ ಇದ್ದಾರಾ ನೋಡು.

ಪ್ರಶ್ನೆ: ಮುಂಡರಗಿ ಹತ್ತಿರದ ಹಳ್ಳಿ. ಅಜ್ಜನ ಕಾಲದ ಬಂದೂಕು ಅಪ್ಪಾಜಿ ಹೆಸರಿನಲ್ಲಿದೆ. ನಳಿಗೆ ಮೇಲೆ ಹಾವಿನ ಮೈಯಂಥ ಸುರುಳಿ ಗೆರೆಗಳಿವೆ. ವರ್ಷಕ್ಕೊಮ್ಮೆ ಮಹಾನವಮಿಯ ಖಂಡೆ ಪೂಜೆಗೆ ಹೊರಗೆ ತೆಗೆಯುತ್ತೇವೆ. ಹೊಸ ತೋಟಾ ಹಾಕಿ ಹೊಡೆಯಬಹುದೇ?

ಉತ್ತರ: ಬೇಡ. ಆ ಗೆರೆಗಳು ಡಮಾಸ್ಕಸ್ ನಳಿಗೆಯ ಗುರುತು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು, ಸರಳಿಗೆ ಸುತ್ತಿ, ಬಡಿದು ಬೆಸೆದ ನಳಿಗೆ ಅದು. ಕಪ್ಪು ಮದ್ದಿನ ಕಾಲಕ್ಕೆ ಮಾಡಿದ್ದು. ಇಂದಿನ ಹೊಗೆಯಿಲ್ಲದ ಮದ್ದಿನ ಒತ್ತಡ ಬೇರೆ. ಬೆಸುಗೆಯ ಒಳಗೆ ನೂರು ವರ್ಷದ ತುಕ್ಕು ಕೂತಿದ್ದರೆ ಹೊರಗೆ ಕಾಣುವುದಿಲ್ಲ. ಒಡೆದರೆ ಅದು ಒಡೆಯುವುದು ನಳಿಗೆ ಹಿಡಿದ ಎಡಗೈ ಮೇಲೆ. ಇನ್ನೊಂದು ಅಪಾಯವೂ ಇದೆ. ಹಳೆಯ ಎಷ್ಟೋ ಬಂದೂಕು 65 ಮಿಲಿಮೀಟರ್ ತೋಟಾಕ್ಕೆ ಮಾಡಿದವು. ಇಂದಿನ 70 ಮಿಲಿಮೀಟರ್ ತೋಟಾ ಅದರಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಸಿಡಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೂತಿತು ಅಂದ ಮಾತ್ರಕ್ಕೆ ಸರಿ ಅಂತಲ್ಲ.

ಪೂಜೆ ಮಾಡಿ, ಸಂತೋಷ. ಕುಂಕುಮ, ಭಂಡಾರ ಹಚ್ಚಿದ ಮೇಲೆ ಅವತ್ತೇ ಸಂಜೆ ಒರೆಸಿ, ತೆಳ್ಳಗೆ ಎಣ್ಣೆ ಸವರಿಡಿ. ಹಸಿ ಕುಂಕುಮ ತಾಗಿದ ಜಾಗದಲ್ಲೇ ಮೊದಲು ತುಕ್ಕು ಏಳುತ್ತದೆ. ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ, ಅದು ತಂಪು ಹಿಡಿದಿಟ್ಟುಕೊಳ್ಳುತ್ತದೆ. ಚುನಾವಣೆ ಬಂದಾಗ ಠಾಣೆಯಲ್ಲಿಟ್ಟ ಬಂದೂಕನ್ನು ತಂದ ದಿನವೇ ಬಿಚ್ಚಿ ಒಳಗೆ ಒರೆಸಿ. 2023, 2024 ಎರಡೂ ವರ್ಷ ತಂದು ಹಾಗೇ ಮೂಲೆಗಿಟ್ಟು, ಆಮೇಲೆ ತುಕ್ಕು ತೋರಿಸಲು ನನ್ನ ಹತ್ತಿರ ಬಂದವರು ಬಹಳ ಜನ. ಅಪ್ಪಾಜಿಗೆ 70 ದಾಟಿದ್ದರೆ, ಅವರು ಇರುವಾಗಲೇ ನಿಮ್ಮ ಹೆಸರಿಗೆ ಲೈಸೆನ್ಸ್ ಕೇಳಲು 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಅವಕಾಶ ಇದೆ. ಅರ್ಜಿ ಈಗಲೇ ಹಾಕಿ.