ಡ್ರಾಫ್ಟ್‌ಗೆ ಮುನ್ನ ಒಂದು ಫುಟ್‌ಬಾಲ್ ತಂಡದ ರಕ್ಷಣಾ ವಿಭಾಗಕ್ಕೆ ಏನು ಬೇಕೆಂದು ಅಳೆಯುವುದು ಹೇಗೆ?

ನೀವು ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಪಂದ್ಯಗಳನ್ನು ಇತ್ತೀಚೆಗೆ ನೋಡತೊಡಗಿದ್ದೀರಿ. ಏಪ್ರಿಲ್‌ನ ಡ್ರಾಫ್ಟ್ ಹತ್ತಿರವಾದಂತೆ 'ಈ ತಂಡಕ್ಕೆ ಕಾರ್ನರ್‌ಬ್ಯಾಕ್ ಬೇಕು, ಆ ತಂಡಕ್ಕೆ ಲೈನ್‌ಬ್ಯಾಕರ್ ಬೇಕು' ಎಂಬ ಪಟ್ಟಿಗಳು ಎಲ್ಲೆಡೆ ಕಾಣಿಸಿಕೊಳ್ಳುತ್ತವೆ, ಅವುಗಳಲ್ಲಿ ಎಷ್ಟನ್ನು ನಂಬಬೇಕೆಂದು ಕೇಳಿದ್ದೀರಿ. (ಕಾರ್ನರ್‌ಬ್ಯಾಕ್ ಎಂದರೆ ಪಾಸ್ ಹಿಡಿಯಲು ಓಡುವ ಎದುರಾಳಿಗಳನ್ನು ಕಾಯುವ ರಕ್ಷಕ, ಲೈನ್‌ಬ್ಯಾಕರ್ ಎಂದರೆ ಮುಂಚೂಣಿಯ ಸಾಲಿನ ಹಿಂದೆ ನಿಲ್ಲುವ ರಕ್ಷಕ.) ಫಿಲಡೆಲ್ಫಿಯಾ ಈಗಲ್ಸ್ ತಂಡವನ್ನು ಬಹುಕಾಲದಿಂದ ಹತ್ತಿರದಿಂದ ನೋಡುತ್ತ ಬಂದಿರುವ ನಾನು ಆ ತಂಡದ ಉದಾಹರಣೆಯಿಂದಲೇ ಉತ್ತರಿಸುತ್ತೇನೆ. ಆ ಪಟ್ಟಿಗಳಲ್ಲಿ ಹೆಚ್ಚಿನವು ಕಳೆದ ಋತುವಿನ ಸೋಲುಗಳನ್ನು ನೋಡಿ ಬರೆದವು. ನಿಜವಾದ ಅಗತ್ಯವನ್ನು ಅಳೆಯಬೇಕಾದರೆ ಇನ್ನೆರಡು ವರ್ಷಗಳ ನಂತರ ಯಾರು ತಂಡದಲ್ಲಿ ಉಳಿದಿರುತ್ತಾರೆ ಎಂಬಲ್ಲಿಂದ ಲೆಕ್ಕ ಆರಂಭಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ವ್ಯವಸ್ಥೆಯ ಬಗ್ಗೆ ಒಂದೆರಡು ಮಾತು. ಐಪಿಎಲ್ ಹರಾಜಿನಲ್ಲಿ ಹಣವಿದ್ದ ತಂಡ ಯಾವ ಆಟಗಾರನಿಗೆ ಬೇಕಾದರೂ ಕೂಗಬಹುದು. ಡ್ರಾಫ್ಟ್‌ನಲ್ಲಿ ಹಾಗಿಲ್ಲ, ಏಳು ಸುತ್ತುಗಳಲ್ಲಿ 32 ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ, ಹಿಂದಿನ ಋತುವಿನಲ್ಲಿ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಸರದಿ ಸಿಗುತ್ತದೆ. ಆಯ್ಕೆಯಾದವನ ಒಪ್ಪಂದ ನಾಲ್ಕು ವರ್ಷಗಳದ್ದು. ಮೊದಲ ಸುತ್ತಿನವನಾಗಿದ್ದರೆ ಐದನೆಯ ವರ್ಷಕ್ಕೂ ಉಳಿಸಿಕೊಳ್ಳುವ ಹಕ್ಕು ತಂಡಕ್ಕಿರುತ್ತದೆ. ಸಂಬಳಕ್ಕೆ ಒಟ್ಟು ಮಿತಿ ಇರುವ ಲೀಗ್‌ನಲ್ಲಿ, ಮಾರುಕಟ್ಟೆಯಲ್ಲಿ ಅತಿ ದುಬಾರಿಯಾದ ಸ್ಥಾನವೊಂದಕ್ಕೆ ಕಡಿಮೆ ಸಂಬಳದ ಒಳ್ಳೆಯ ಆಟಗಾರ ನಾಲ್ಕೈದು ವರ್ಷ ಸಿಕ್ಕರೆ ಅದಕ್ಕಿಂತ ದೊಡ್ಡ ಲಾಭವಿಲ್ಲ.

ಈಗ 2023ರ ಈಗಲ್ಸ್ ತಂಡವನ್ನು ನೋಡಿ. ಮೊದಲ 11 ಪಂದ್ಯಗಳಲ್ಲಿ 10 ಗೆದ್ದಿದ್ದ ತಂಡ ಕೊನೆಯ ಆರರಲ್ಲಿ ಐದನ್ನು ಸೋತು, ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ಟ್ಯಾಂಪಾ ಬೇ ಎದುರು 32-9ರಿಂದ ಮುಗ್ಗರಿಸಿತು. ಆ ರಾತ್ರಿ ಟ್ಯಾಂಪಾದ ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ನಡೆಸುತ್ತ ಚೆಂಡು ಎಸೆಯುವ ಆಟಗಾರ) ಬೇಕರ್ ಮೇಫೀಲ್ಡ್ 337 ಗಜಗಳಷ್ಟು ಪಾಸ್ ಮಾಡಿ ಮೂರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಪಡೆಯುವ ಅಂಕ) ಗಳಿಸಿಕೊಟ್ಟರು. ಡೇವಿಡ್ ಮೂರ್ ಅವರ 44 ಗಜಗಳ ಮತ್ತು ಟ್ರೇ ಪಾಮರ್ ಅವರ 56 ಗಜಗಳ ಟಚ್‌ಡೌನ್‌ಗಳನ್ನು ನಿಧಾನಗತಿಯಲ್ಲಿ ಮತ್ತೆ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಚೆಂಡು ಅವರ ಕೈ ಸೇರುವಾಗ ಅಲ್ಲೇ ಸುತ್ತಮುತ್ತ ರಕ್ಷಕರಿದ್ದರು, ಆದರೆ ಹಿಡಿದು ಕೆಡವುವ ಪ್ರಯತ್ನ ವಿಫಲವಾದ ಮೇಲೆ ಬೆನ್ನಟ್ಟಿ ತಡೆಯುವ ವೇಗ ಯಾರಲ್ಲೂ ಇರಲಿಲ್ಲ. ಹೊರಬದಿಯ ಕಾರ್ನರ್‌ಬ್ಯಾಕ್‌ಗಳಾದ ಡೇರಿಯಸ್ ಸ್ಲೇ ಮತ್ತು ಜೇಮ್ಸ್ ಬ್ರ್ಯಾಡ್‌ಬೆರಿ ಇಬ್ಬರೂ 30ರ ವಯಸ್ಸು ದಾಟಿದ್ದರು. ಒಳಬದಿಯ ಸ್ಲಾಟ್ ಜಾಗದ ಅವಾಂಟೆ ಮ್ಯಾಡಕ್ಸ್ ಋತುವಿನ ಎರಡನೆಯ ಪಂದ್ಯದಲ್ಲೇ ಗಾಯಗೊಂಡಿದ್ದರಿಂದ, ಆ ಸ್ಥಾನದಲ್ಲಿ ಒಬ್ಬರ ನಂತರ ಒಬ್ಬರನ್ನು ನಿಲ್ಲಿಸಿ ಕಾಲ ತಳ್ಳಬೇಕಾಯಿತು.

ಇದು ಒಂದೇ ವರ್ಷದಲ್ಲಿ ಉಂಟಾದ ಕೊರತೆಯಲ್ಲ. 2024ಕ್ಕೆ ಮುಂಚೆ ಈಗಲ್ಸ್ ಮೊದಲ ಸುತ್ತಿನಲ್ಲಿ ಕೊನೆಯ ಬಾರಿ ಕಾರ್ನರ್‌ಬ್ಯಾಕ್ ಒಬ್ಬನನ್ನು ಆರಿಸಿದ್ದು 2002ರಲ್ಲಿ, ಲೀಟೊ ಶೆಪರ್ಡ್ ಅವರನ್ನು. ಆಮೇಲೆ ಆ ಸ್ಥಾನಕ್ಕೆ ಬೇರೆ ತಂಡಗಳಿಂದ ಬಂದ ಅನುಭವಿಗಳೇ ಹೆಚ್ಚಾಗಿ ಆಧಾರವಾದರು. ಅನುಭವಿಗಳಿಬ್ಬರಿಗೂ ಒಟ್ಟಿಗೇ ವಯಸ್ಸಾಗುತ್ತದೆ ಎಂಬ ಸರಳ ಸತ್ಯವನ್ನು 2022ರಲ್ಲೇ ಕಾಗದದ ಮೇಲೆ ಬರೆದು ನೋಡಬಹುದಿತ್ತು.

ಇದೇ ತಂಡ ರಕ್ಷಣೆಯ ಮುಂಚೂಣಿಯಲ್ಲಿ (ಎದುರಾಳಿಯ ಎದುರಿಗೇ ನಿಲ್ಲುವ ಸಾಲಿನಲ್ಲಿ) ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡಿತು. ಆ ಸಾಲಿನ ಹಿರಿಯ ಆಟಗಾರ ಫ್ಲೆಚರ್ ಕಾಕ್ಸ್ ಇನ್ನೂ ಆಡುತ್ತಿರುವಾಗಲೇ 2022ರಲ್ಲಿ ಜಾರ್ಡನ್ ಡೇವಿಸ್ ಅವರನ್ನು 13ನೆಯ ಆಯ್ಕೆಯಾಗಿ, 2023ರಲ್ಲಿ ಜೇಲೆನ್ ಕಾರ್ಟರ್ ಅವರನ್ನು 9ನೆಯ ಆಯ್ಕೆಯಾಗಿ ತಂದಿತು. ಆಗಿನ ಪಟ್ಟಿಗಳನ್ನಷ್ಟೇ ಓದುತ್ತಿದ್ದವರಿಗೆ 'ಅಲ್ಲಿ ಈಗಾಗಲೇ ಕಾಕ್ಸ್ ಇದ್ದಾರಲ್ಲ' ಎನಿಸುವುದು ಸಹಜವಾಗಿತ್ತು. ಕಾಕ್ಸ್ 12 ಋತುಗಳನ್ನು ಮುಗಿಸಿ 2024ರ ಮಾರ್ಚ್‌ನಲ್ಲಿ ನಿವೃತ್ತರಾದಾಗ ಆ ಜಾಗ ತುಂಬಲು ತಂಡ ಪರದಾಡಬೇಕಾಗಲಿಲ್ಲ. ಅಗತ್ಯ ತಲೆದೋರುವ ಮೊದಲೇ ಅದನ್ನು ಪೂರೈಸಿದ್ದರಿಂದ, 2024ರ ಮೊದಲ ಎರಡು ಆಯ್ಕೆಗಳನ್ನು ಪೂರ್ತಿಯಾಗಿ ಹಿಂಬದಿಗೇ, ಅಂದರೆ ಕಾರ್ನರ್‌ಬ್ಯಾಕ್‌ಗಳಿರುವ ಭಾಗಕ್ಕೇ, ಮೀಸಲಿಡುವ ಸ್ವಾತಂತ್ರ್ಯ ಸಿಕ್ಕಿತು.

ನೀವು ನೋಡಬೇಕಾದ ಮತ್ತೊಂದು ಸಂಗತಿ, ರಕ್ಷಣೆಯನ್ನು ನಡೆಸುವ ತರಬೇತುದಾರ ಯಾರು ಎಂಬುದು. 2024ರ ಆರಂಭದಲ್ಲಿ ವಿಕ್ ಫ್ಯಾಂಜಿಯೊ ಆ ಹೊಣೆ ಹೊತ್ತರು. ಇಬ್ಬರು ಸೇಫ್ಟಿಗಳನ್ನು (ಕೊನೆಯ ಸಾಲಿನ ರಕ್ಷಕರನ್ನು) ಹಿಂದೆ ಆಳದಲ್ಲಿ ನಿಲ್ಲಿಸುವುದು, ಬ್ಲಿಟ್ಜ್‌ಗೆ ಹೆಚ್ಚು ಜನರನ್ನು ನುಗ್ಗಿಸದೆ ಮುಂಚೂಣಿಯ ನಾಲ್ವರಿಂದಲೇ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಒತ್ತಡ ತರುವುದು ಅವರ ಪದ್ಧತಿಯ ತಿರುಳು. ಹೀಗಾಡುವ ತಂಡದ ಕಾರ್ನರ್‌ಬ್ಯಾಕ್ ಎದುರಾಳಿಯ ಬೆನ್ನು ಹತ್ತುವುದಷ್ಟೇ ಸಾಲದು. ಕ್ವಾರ್ಟರ್‌ಬ್ಯಾಕ್‌ನ ಕಣ್ಣುಗಳನ್ನು ಗಮನಿಸುತ್ತ ತನ್ನ ವಲಯವನ್ನು ಕಾಯಬೇಕು, ಮುಂದೆ ಬಿದ್ದ ಚೆಂಡಿಗೆ ನುಗ್ಗಿ ಬಂದು ತಪ್ಪದೆ ಹಿಡಿದು ಕೆಡವಬೇಕು. ಇದರ ಜೊತೆಗೆ, ಈಗಿನ ಆಟದಲ್ಲಿ ಬಹುಪಾಲು ಸಮಯ ಹಿಂಬದಿಯಲ್ಲಿ ಐವರು ಇರುವುದರಿಂದ ಸ್ಲಾಟ್‌ನಲ್ಲಿ ಆಡುವವನನ್ನು ಬದಲಿ ಆಟಗಾರನೆಂದು ಎಣಿಸುವುದು ಸರಿಯಲ್ಲ. ಮುಂಚೂಣಿಯಲ್ಲಿ ನಾಲ್ವರು, ಅವರ ಹಿಂದೆ ಮೂವರು ಲೈನ್‌ಬ್ಯಾಕರ್‌ಗಳೋ, ಇಲ್ಲವೇ ಮೂವರು ಮತ್ತು ನಾಲ್ವರೋ ಎಂಬ ಹಳೆಯ ಚರ್ಚೆಗಿಂತ ಈ ಐದನೆಯವನು ಯಾರೆಂಬ ಪ್ರಶ್ನೆ ನನಗೆ ಮುಖ್ಯವಾಗಿ ತೋರುತ್ತದೆ.

ಆ ವರ್ಷ ಏನು ಲಭ್ಯವಿದೆ ಎಂಬುದೂ ಅಗತ್ಯದಷ್ಟೇ ತೂಕದ ವಿಷಯ. 2024ರ ಡ್ರಾಫ್ಟ್‌ನಲ್ಲಿ ಹಿಂದೆಂದೂ ಆಗದ ರೀತಿಯಲ್ಲಿ ಮೊದಲ 14 ಆಯ್ಕೆಗಳೂ ದಾಳಿ ವಿಭಾಗದ ಆಟಗಾರರಾದರು. ಕ್ವಾರ್ಟರ್‌ಬ್ಯಾಕ್‌ಗಳೇ ಆರು ಮಂದಿ. ಮೊದಲ ರಕ್ಷಕ ಲಯಾಟು ಲಾಟು 15ನೆಯವರಾಗಿ ಇಂಡಿಯಾನಾಪೊಲಿಸ್ ಸೇರಿದರು. ಹೀಗಾಗಿ ಟೊಲೀಡೊ ವಿಶ್ವವಿದ್ಯಾಲಯದ ಕಾರ್ನರ್‌ಬ್ಯಾಕ್ ಕ್ವಿನ್ಯನ್ ಮಿಚೆಲ್ ಈಗಲ್ಸ್‌ನ 22ನೆಯ ಸರದಿಯವರೆಗೂ ಉಳಿದಿದ್ದರು, ಅವರಿಗಾಗಿ ಸರದಿಯಲ್ಲಿ ಮೇಲೇರಲು ತಂಡ ಏನನ್ನೂ ತೆರಬೇಕಾಗಲಿಲ್ಲ. ಎರಡನೆಯ ಸುತ್ತಿನಲ್ಲಿ ಮಾತ್ರ ಬೇರೆ ತಂಡದೊಂದಿಗೆ ಸರದಿಗಳನ್ನು ಬದಲಿಸಿಕೊಂಡು 50ರಿಂದ 40ಕ್ಕೆ ಏರಿ, ಕಾಲೇಜಿನ ಕೊನೆಯ ಋತುವಿನಲ್ಲಿ ಕಾಲು ಮುರಿದುಕೊಂಡಿದ್ದ ಅಯೋವಾದ ಕಾರ್ನರ್‌ಬ್ಯಾಕ್ ಕೂಪರ್ ಡಿಜೀನ್ ಅವರನ್ನು ಪಡೆಯಿತು.

ಲೈನ್‌ಬ್ಯಾಕರ್ ಮತ್ತು ಸೇಫ್ಟಿ ಸ್ಥಾನಗಳೂ ಆಗ ಬಲಹೀನವಾಗಿದ್ದವು. ಆದರೆ ಆ ಸ್ಥಾನಗಳ ಆಟಗಾರರು ಫ್ರೀ ಏಜೆನ್ಸಿಯಲ್ಲಿ (ಒಪ್ಪಂದ ಮುಗಿದ ಆಟಗಾರರ ಮಾರುಕಟ್ಟೆಯಲ್ಲಿ) ಕಾರ್ನರ್‌ಬ್ಯಾಕ್‌ಗಳಿಗಿಂತ ಅಗ್ಗವಾಗಿ ಸಿಗುತ್ತಾರೆ. ನ್ಯೂ ಆರ್ಲಿಯನ್ಸ್‌ನಿಂದ ಒಂದು ವರ್ಷದ ಸಣ್ಣ ಒಪ್ಪಂದದ ಮೇಲೆ ಬಂದ ಜ್ಯಾಕ್ ಬಾನ್ ಒಳಬದಿಯ ಲೈನ್‌ಬ್ಯಾಕರ್ ಆಗಿ ಆ ಋತುವಿನಲ್ಲೇ ಆಲ್-ಪ್ರೊ ಗೌರವ (ಲೀಗ್‌ನ ಆ ಋತುವಿನ ಅತ್ಯುತ್ತಮ ಆಟಗಾರರ ಪಟ್ಟಿಯಲ್ಲಿ ಸ್ಥಾನ) ಪಡೆದರು. ಸೇಫ್ಟಿ ಗಾರ್ಡ್ನರ್-ಜಾನ್ಸನ್ ಮರಳಿ ಬಂದರು. ಎಲ್ಲ ತೂತುಗಳನ್ನೂ ಡ್ರಾಫ್ಟ್‌ನಿಂದಲೇ ಮುಚ್ಚಬೇಕಿಲ್ಲ, ಹಣದಿಂದ ಮುಚ್ಚಲಾಗದವನ್ನು ಮಾತ್ರ ಅದಕ್ಕೆ ಬಿಡಬೇಕು.

ಆ ಋತುವಿನಲ್ಲಿ ಇಡೀ ಲೀಗ್‌ನಲ್ಲಿ ಅತಿ ಕಡಿಮೆ ಗಜಗಳನ್ನು ಬಿಟ್ಟುಕೊಟ್ಟ ತಂಡ ಈಗಲ್ಸ್. 2025ರ ಫೆಬ್ರವರಿ 9ರ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯದಲ್ಲಿ ಕನ್ಸಾಸ್ ಸಿಟಿಯನ್ನು 40-22ರಿಂದ ಸೋಲಿಸಿದಾಗ ಒಮ್ಮೆಯೂ ಬ್ಲಿಟ್ಜ್ ಮಾಡದೆ ಅದರ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಅವರನ್ನು ಆರು ಬಾರಿ ಸ್ಯಾಕ್ ಮಾಡಿತು, ಅಂದರೆ ಚೆಂಡು ಎಸೆಯುವ ಮೊದಲೇ ಕೆಡವಿತು. ಹಿಂದಿನ ಏಳು ಮಂದಿ ದಾರಿಗಳನ್ನು ಮುಚ್ಚಿಟ್ಟಿದ್ದರಿಂದ ಚೆಂಡು ಎಸೆಯಲಾಗದೆ ಮಹೋಮ್ಸ್ ತಡವರಿಸಿದರು, ಆ ತಡದಲ್ಲಿ ಮುಂಚೂಣಿಯ ನಾಲ್ವರು ಅವರನ್ನು ತಲುಪಿದರು. ಅಂದೇ 22 ವರ್ಷ ತುಂಬಿದ್ದ ಡಿಜೀನ್ ಚೆಂಡನ್ನು ಮಧ್ಯದಲ್ಲೇ ಹಿಡಿದು 38 ಗಜ ಓಡಿ ಟಚ್‌ಡೌನ್ ಗಳಿಸಿದ ಆ ಕ್ಷಣವನ್ನು ನಾನು ಎಷ್ಟು ಸಲ ನೋಡಿದರೂ ತೃಪ್ತಿಯಾಗುವುದಿಲ್ಲ. ಮುಂಚೂಣಿಯನ್ನೂ ಹಿಂಬದಿಯನ್ನೂ ಬೇರೆ ಬೇರೆಯಾಗಿ ತೂಗಬಾರದು ಎಂದು ನಾನು ಹೇಳುವುದು ಇದಕ್ಕಾಗಿಯೇ.

ಕಣ್ಣಿಗೆ ಕಾಣುವ ಕೊರತೆಯೇ ನಿಜವಾದ ಕೊರತೆಯಾಗಿರುವ ಸಂದರ್ಭಗಳೂ ಇವೆ. 2024ರ ಮಾರ್ಚ್‌ನಲ್ಲಿ ಮುಂಚೂಣಿಯ ತಾರೆ ಆರನ್ ಡೊನಾಲ್ಡ್ ನಿವೃತ್ತರಾದಾಗ ಅವರ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಫ್ಲಾರಿಡಾ ಸ್ಟೇಟ್‌ನ ಮುಂಚೂಣಿ ಆಟಗಾರರಾದ ಜ್ಯಾರೆಡ್ ವರ್ಸ್ ಮತ್ತು ಬ್ರೇಡನ್ ಫಿಸ್ಕ್ ಇಬ್ಬರನ್ನೂ ಮೊದಲೆರಡು ಆಯ್ಕೆಗಳಾಗಿ ತಂದಿತು, ವರ್ಸ್ ಆ ವರ್ಷದ ಅತ್ಯುತ್ತಮ ಹೊಸ ರಕ್ಷಕ ಪ್ರಶಸ್ತಿ ಗೆದ್ದರು.

ಹಾಗೆಯೇ, ನಾನು ಮೇಲೆ ಹೇಳಿದ ಲೈನ್‌ಬ್ಯಾಕರ್ ಸೂತ್ರವನ್ನೂ ಕಣ್ಣು ಮುಚ್ಚಿ ಅನ್ವಯಿಸಬೇಡಿ. 2025ರಲ್ಲಿ ಈಗಲ್ಸ್ ಮೊದಲ ಸುತ್ತಿನಲ್ಲೇ ಅಲಬಾಮಾದ ಲೈನ್‌ಬ್ಯಾಕರ್ ಜಿಹಾದ್ ಕ್ಯಾಂಪ್‌ಬೆಲ್ ಅವರನ್ನು ಆರಿಸಿತು. ಬಾನ್ ಹೊಸ ಒಪ್ಪಂದಕ್ಕೆ ಸಹಿ ಹಾಕಿದ್ದರೂ ಇನ್ನೊಬ್ಬ ಲೈನ್‌ಬ್ಯಾಕರ್ ನಕೋಬಿ ಡೀನ್ ಪ್ಲೇಆಫ್‌ನಲ್ಲಿ ಮೊಣಕಾಲಿಗೆ ತೀವ್ರ ಪೆಟ್ಟು ಮಾಡಿಕೊಂಡಿದ್ದರು, ಅವರ ಒಪ್ಪಂದದಲ್ಲಿ ಉಳಿದಿದ್ದುದು ಒಂದೇ ವರ್ಷ; ಜೊತೆಗೆ ಸಾಲಿನ ಅಂಚಿನಿಂದ ಕ್ವಾರ್ಟರ್‌ಬ್ಯಾಕ್‌ನತ್ತ ನುಗ್ಗುತ್ತಿದ್ದ ಜೋಶ್ ಸ್ವೆಟ್ ಅರಿಜೋನಾಕ್ಕೆ ಹೊರಟುಹೋಗಿದ್ದರು, ಕ್ಯಾಂಪ್‌ಬೆಲ್ ಅಂಚಿನಿಂದ ನುಗ್ಗಲೂ ಬಲ್ಲವರು. ನಿಮ್ಮ ತಂಡ ಯಾವುದೆಂದು ಪ್ರಶ್ನೆಯಲ್ಲಿ ತಿಳಿಸಿಲ್ಲ. ತಿಳಿಸಿದರೆ ಅದರ ರಕ್ಷಕರ ವಯಸ್ಸು, ಒಪ್ಪಂದದ ಅವಧಿ ಮತ್ತು ತರಬೇತುದಾರರ ಪದ್ಧತಿಯನ್ನು ನೋಡಿ, ಮೊದಲೆರಡು ಸುತ್ತುಗಳಲ್ಲಿ ಯಾವ ಸ್ಥಾನಕ್ಕೆ ಆದ್ಯತೆ ಕೊಡಬೇಕೆಂಬ ನನ್ನ ಅಭಿಪ್ರಾಯವನ್ನು ಖಂಡಿತವಾಗಿ ಬರೆಯುತ್ತೇನೆ.